ಕುಲುಕಿದ ಕೊಳಗ, ಕೂತ ರಾಗಿ

ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಕೊಳಗಕ್ಕೆ ‘ಒಂದು’ ಎನ್ನುವ ವಾಡಿಕೆಯಿಲ್ಲ, ‘ಲಾಭ’ ಎನ್ನುತ್ತಾರೆ. ‘ಎರಡು’ ಎಂಬ ಎಣಿಕೆ ಆಮೇಲೆ. ರಾಶಿಯ ನೆತ್ತಿಗೆ ಸಗಣಿಯ ಬೆನಕನನ್ನಿಟ್ಟು, ಕಾಯಿ ಒಡೆದು, ಕೆರ ಬಿಟ್ಟು ಕಣಕ್ಕೆ ಇಳಿದವರು ಅಳತೆ ಮುಗಿಯುವ ತನಕ ಹೆಚ್ಚು ಮಾತಾಡುತ್ತಿರಲಿಲ್ಲ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ರಾಗಿ ಹೊಲಗಳಲ್ಲಿ, ಹಿಂದೆ ಯಡತೊರೆ ಎಂದಿದ್ದ ಕೃಷ್ಣರಾಜನಗರದ ಭತ್ತದ ಬಯಲಿನಲ್ಲಿ, ವರ್ಷದ ದುಡಿಮೆ ಯಾರ ಮನೆಗೆ ಎಷ್ಟು ಎಂದು ತೀರ್ಮಾನವಾಗುತ್ತಿದ್ದುದು ಈ ಹೊತ್ತಿನಲ್ಲೇ. ಆದ್ದರಿಂದ ನೆರೆದವರ ಕಣ್ಣೆಲ್ಲ ಅಳೆಯುವವನ ಕೈಮೇಲೆ ಇರುತ್ತಿತ್ತು.

ಕೈ ಮಾಡಬಹುದಾದ ಕೆಲಸ ಸಣ್ಣದು. ಕೊಳಗಕ್ಕೆ ರಾಗಿಯನ್ನು ಮೆಲ್ಲಗೆ ಸುರಿದು ಬಾಯಿ ಸವರಿದರೆ ಒಂದು ಲೆಕ್ಕ. ತುಂಬಿದ ಮೇಲೆ ಕೊಳಗವನ್ನು ಎರಡು ಸಲ ನೆಲಕ್ಕೆ ಕುಕ್ಕಿ, ಒಂದಿಷ್ಟು ಕುಲುಕಿದರೆ ರಾಗಿ ಬೆರಳಿನಷ್ಟು ಕೆಳಗೆ ಕೂರುತ್ತದೆ. ಮೇಲೆ ಇನ್ನೆರಡು ಹಿಡಿ ಹಿಡಿಯುತ್ತದೆ. ಪಾತ್ರೆ ಅದೇ, ರಾಗಿ ಅದೇ, ಎಣಿಕೆಯೂ ಅದೇ. ಕೊಡುವವನು ಮಾತ್ರ ಹೆಚ್ಚು ಕೊಟ್ಟಿರುತ್ತಾನೆ.

ಹೀಗೆ ಕುಲುಕಿದಾಗ ಕಾಳು ಏಕೆ ತಗ್ಗುತ್ತದೆ, ಕಾಳಿನ ನಡುವಿನ ಕಲ್ಲು ಏಕೆ ಕೆಲವೊಮ್ಮೆ ಮುಳುಗುತ್ತದೆ, ಕೆಲವೊಮ್ಮೆ ಮೇಲೇಳುತ್ತದೆ ಎಂಬುದು ಭೌತವಿಜ್ಞಾನಿಗಳನ್ನು ಗಂಭೀರವಾಗಿ ಕಾಡತೊಡಗಿದ್ದು ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಒಕ್ಕಲು ಮನೆಗಳಿಗೆ ಅದು ಹೊಟ್ಟೆಯ ಪ್ರಶ್ನೆಯಾಗಿ ಬಂದದ್ದು ಅದಕ್ಕೂ ಬಹಳ ಹಿಂದೆ.

ಇಪ್ಪತ್ತು ಹೋಗಿ ಇಪ್ಪತ್ತೊಂದು

ರಾಗಿಯ ಕಾಳು ಹೆಚ್ಚುಕಡಿಮೆ ಗುಂಡಗಿದೆ. ಗುಂಡಾದ ಕಾಳುಗಳನ್ನು ಪಾತ್ರೆಗೆ ಸುರಿದಾಗ ನಡುನಡುವೆ ಖಾಲಿ ಜಾಗ ಉಳಿಯುತ್ತದೆ. ಎಷ್ಟು ಎಂಬುದನ್ನು 1960ರಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಜಿ.ಡಿ. ಸ್ಕಾಟ್ ಉಕ್ಕಿನ ಗುಂಡುಗಳನ್ನು ಬಳಸಿ ಅಳೆದರು. ಸಡಿಲವಾಗಿ ಸುರಿದಾಗ ಪಾತ್ರೆಯ ನೂರರಲ್ಲಿ ಸುಮಾರು 60 ಪಾಲು ಮಾತ್ರ ಉಕ್ಕು, ಮಿಕ್ಕದ್ದು ಗಾಳಿ. ಚೆನ್ನಾಗಿ ಕುಲುಕಿದರೆ ಉಕ್ಕಿನ ಪಾಲು 64ರ ಹತ್ತಿರ ಬಂದು ನಿಲ್ಲುತ್ತದೆ. ಅದಕ್ಕೂ ಮೇಲೆ ಹೋಗಲು ಸುಲಭವಾಗಿ ಒಪ್ಪುವುದಿಲ್ಲ. ಸುರಿದಾಗ ಗುಂಡುಗಳು ಒಂದಕ್ಕೊಂದು ಆತುಕೊಂಡು ಸಣ್ಣ ಸಣ್ಣ ಕಮಾನು ಕಟ್ಟಿಕೊಂಡಿರುತ್ತವೆ. ಕುಕ್ಕಿದಾಗ ಕಮಾನು ಕುಸಿದು, ಮೇಲಿನ ಗುಂಡು ಕೆಳಗಿನ ಸಂದಿಗೆ ಇಳಿಯುತ್ತದೆ.

ಅರವತ್ತಕ್ಕೂ ಅರವತ್ತನಾಲ್ಕಕ್ಕೂ ಇರುವ ಅಂತರ ಅಲ್ಪವೆಂದು ತೋರಬಹುದು. ಹಳೆಯ ಮೈಸೂರಿನ ಲೆಕ್ಕಕ್ಕೆ ಅದನ್ನು ಹಚ್ಚಿ ನೋಡಿ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ರಾಗಿ ಉಕ್ಕಿನ ಗುಂಡಿನಂತೆಯೇ ನಡೆದುಕೊಳ್ಳುತ್ತದೆ ಎಂದಿಟ್ಟುಕೊಂಡರೆ, ಕುಲುಕಿ ಅಳೆದ ಒಂದು ಖಂಡುಗವನ್ನು ಸಡಿಲವಾಗಿ ಅಳೆದಾಗ ಅದು ಇಪ್ಪತ್ತೊಂದು ಕೊಳಗ ದಾಟುತ್ತದೆ. ಪ್ರತಿ ಖಂಡುಗದಲ್ಲಿ ಒಂದು ಕೊಳಗಕ್ಕಿಂತ ಹೆಚ್ಚು ರಾಗಿ ಯಾವ ಬರಹಕ್ಕೂ ಸಿಗದೆ ಕೈ ಬದಲಾಯಿಸುತ್ತದೆ ಎಂದಾಯಿತು. ಬಿತ್ತನೆಗೆಂದು ಸಾಲ ಕೊಡುವಾಗ ಸಡಿಲ ಅಳತೆ, ಸುಗ್ಗಿಯಲ್ಲಿ ವಾಪಸು ಪಡೆಯುವಾಗ ಕುಲುಕಿದ ಅಳತೆ ಎಂದಾದರೆ, ಬಡ್ಡಿಯ ಮಾತೇ ಎತ್ತದೆ ಬಡ್ಡಿ ಬಂದ ಹಾಗೆ.

ಇನ್ನೊಂದು ಸಂಗತಿಯುಂಟು. ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದಲ್ಲಿ 1995ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಗಾಜಿನ ಮಣಿ ತುಂಬಿದ ಕೊಳವೆಯನ್ನು ಸಾವಿರಾರು ಸಲ ಕುಕ್ಕಿ ನೋಡಿದರು. ಮಣಿಗಳು ಬಹುಪಾಲು ತಗ್ಗಿದ್ದು ಮೊದಮೊದಲ ಕುಕ್ಕುಗಳಲ್ಲೇ. ಆಮೇಲೆ ಹತ್ತರಷ್ಟು ಕುಕ್ಕಿದರೂ ದಕ್ಕುವುದು ತೀರ ಕೊಂಚ. ಕೊಳಗ ಹಿಡಿದವನಿಗೆ ಹೆಚ್ಚು ಶ್ರಮವಿರಲಿಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಎರಡು ಸಲ ‘ಅಕಸ್ಮಾತ್ತಾಗಿ’ ಕುಕ್ಕಿದರೆ ಸಾಕಿತ್ತು.

ತಲೆಯ ಮೇಲಿನ ಗೋಪುರ

ಬಾಯಿ ಸವರುವುದೋ, ಗೋಪುರ ಏರಿಸುವುದೋ ಎಂಬುದು ಮತ್ತೊಂದು ಜಗಳ. ಇದು ನಮ್ಮ ಊರಿನದಷ್ಟೇ ಅಲ್ಲ, ಬಹಳ ಪುರಾತನವಾದದ್ದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ತೂಕ-ಅಳತೆಗಳ ಅಧ್ಯಾಯವೇ ಇದೆ. ಧಾನ್ಯದ ಅಳತೆಯನ್ನು ಒಣಗಿದ ಗಟ್ಟಿ ಮರದಿಂದ ಮಾಡಿಸಬೇಕು, ಮೇಲೇಳುವ ಶಿಖೆ ಕಾಲುಭಾಗದಷ್ಟಿರಬೇಕು, ಇಲ್ಲವೇ ಶಿಖೆಯೂ ಒಳಗೇ ಸೇರುವಂತೆ ಪಾತ್ರೆ ದೊಡ್ಡದಿರಬೇಕು ಎಂಬ ವಿಧಿ ಅಲ್ಲಿದೆ. ಶಿಖೆಯೆಂದರೆ ಇದೇ ಗೋಪುರ. ಅದನ್ನು ಕಟ್ಟಳೆಗೆ ಒಳಪಡಿಸದಿದ್ದರೆ ಏನಾಗುತ್ತದೆ ಎಂಬುದು ಆ ಗ್ರಂಥ ಬರೆದವರಿಗೆ ಚೆನ್ನಾಗಿ ಗೊತ್ತಿತ್ತು.

ಗೋಪುರ ಎಷ್ಟು ಎತ್ತರಕ್ಕೆ ನಿಲ್ಲುತ್ತದೆ? ಇದಕ್ಕೆ 1150ರ ಸುಮಾರಿನಲ್ಲಿ ಭಾಸ್ಕರಾಚಾರ್ಯರು ‘ಲೀಲಾವತಿ’ಯ ರಾಶಿವ್ಯವಹಾರದಲ್ಲಿ ಉತ್ತರ ಕೊಟ್ಟಿದ್ದಾರೆ. ನೆಲದ ಮೇಲೆ ಸುರಿದ ರಾಶಿಯ ಸುತ್ತಳತೆ ಹಿಡಿಯಿರಿ. ದಪ್ಪ ಕಾಳಾದರೆ ಎತ್ತರ ಅದರ ಹತ್ತನೇ ಒಂದು ಭಾಗ, ಸಣ್ಣ ಕಾಳಾದರೆ ಹನ್ನೊಂದನೇ ಒಂದು, ಮುಳ್ಳುಳ್ಳ ತೆನೆಧಾನ್ಯವಾದರೆ ಒಂಬತ್ತನೇ ಒಂದು. ಇದನ್ನು ಇಂದಿನ ಕೋನಮಾನಕ್ಕೆ ತಂದರೆ ಸುಮಾರು 30ರಿಂದ 35 ಡಿಗ್ರಿ ಇಳಿಜಾರು ಬರುತ್ತದೆ. ಇಂದಿನ ಎಂಜಿನಿಯರುಗಳು ಧಾನ್ಯದ ಉಗ್ರಾಣ ಕಟ್ಟುವಾಗ ಹಿಡಿಯುವ ಇಳಿಜಾರೂ ಇದರ ಆಸುಪಾಸಿನದೇ. ಮುಳ್ಳಿರುವ ಕಾಳು ಒಂದಕ್ಕೊಂದು ಸಿಕ್ಕಿಕೊಂಡು ಕಡಿದಾಗಿ ನಿಲ್ಲುತ್ತದೆ, ಸಣ್ಣ ನುಣುಪು ಕಾಳು ಜಾರಿ ಹರಡಿಕೊಳ್ಳುತ್ತದೆ ಎಂಬ ಸೂಕ್ಷ್ಮವೂ ಆ ಮೂರು ಅಂಕಿಗಳಲ್ಲಿದೆ.

ಭಾಸ್ಕರರ ಸಣ್ಣ ಕಾಳಿನ ಲೆಕ್ಕವನ್ನು ಕೊಳಗದ ಬಾಯಿಗೆ ಅನ್ವಯಿಸಿದರೆ ಒಂದು ಮೋಸ ಬಯಲಾಗುತ್ತದೆ. ಬಾಯಿಯ ಅಗಲವೂ ಆಳವೂ ಸಮವಾಗಿರುವ ಪಾತ್ರೆಯಲ್ಲಿ ಗೋಪುರ ಒಳಗಿನ ಧಾನ್ಯದ ಹತ್ತರಲ್ಲಿ ಒಂದು ಪಾಲಿನಷ್ಟಾಗುತ್ತದೆ. ಬಾಯಿ ಆಳದ ಎರಡರಷ್ಟಿದ್ದರೆ ಐದರಲ್ಲಿ ಒಂದು ಪಾಲು. ಎರಡೂ ಪಾತ್ರೆ ಒಳಗೆ ಹಿಡಿಯುವುದು ಒಂದೇ ಆಗಿದ್ದರೂ ತಲೆತುಂಬ ಅಳೆದಾಗ ಅಗಲ ಬಾಯಿಯದು ಹೆಚ್ಚು ನುಂಗುತ್ತದೆ. ‘ಸೇರಿಗೆ ಸವಾಸೇರು’ ಎಂಬ ಮಾತನ್ನು ಜಟ್ಟಿಗಳಿಗೂ ಜಾಣರಿಗೂ ಹೇಳುತ್ತೇವೆ. ಕಣದಲ್ಲಿ ಅದು ಅಕ್ಷರಶಃ ನಡೆಯಬಹುದಾದ ವ್ಯವಹಾರ.

ಯುರೋಪಿನ ರೈತರೂ ಇದರಿಂದ ಪಾರಾಗಿರಲಿಲ್ಲ. ಫ್ರಾನ್ಸಿನಲ್ಲಿ 1789ರ ಕ್ರಾಂತಿಯ ಹೊತ್ತಿಗೆ ಹಳ್ಳಿಗಳಿಂದ ಹೋದ ದೂರುಪತ್ರಗಳಲ್ಲಿ ದೊರೆಗೊಂದು ಅಳತೆ, ಸಂತೆಗೊಂದು ಅಳತೆ ಬೇಡ ಎಂಬುದು ಪದೇ ಪದೇ ಬಂದ ಬೇಡಿಕೆ. ಮೀಟರು-ಕಿಲೊಗ್ರಾಂಗಳ ಪದ್ಧತಿ ಹುಟ್ಟಿದ್ದು ಅದರ ಬೆನ್ನಿಗೇ. ಬ್ರಿಟನ್ನು 1835ರಲ್ಲಿ ತಲೆತುಂಬಿದ ಅಳತೆಯನ್ನೇ ಕಾನೂನಿನಿಂದ ತೆಗೆದುಹಾಕಿತು.

ರಾಶಿಯ ತಳ ಯಾರ ಪಾಲು?

ಕನ್ನಡ ನಾಡಿನ ಶಾಸನಗಳಲ್ಲಿ ಕೊಳಗ, ಖಂಡುಗಗಳು ಧಾನ್ಯಕ್ಕಷ್ಟೇ ಸೀಮಿತವಲ್ಲ. ಇಷ್ಟು ಖಂಡುಗ ಗದ್ದೆ ದತ್ತಿ ಬಿಟ್ಟರು ಎಂದರೆ ಅಷ್ಟು ಬೀಜ ಬಿತ್ತುವಷ್ಟು ನೆಲ ಎಂದು ಅರ್ಥ. ನೆಲವೂ ಪಾತ್ರೆಯಿಂದಲೇ ಅಳೆಯಲ್ಪಡುತ್ತಿತ್ತು. ಆದರೆ ಒಂದೂರಿನ ಕೊಳಗ ಇನ್ನೊಂದೂರಿನ ಕೊಳಗವಾಗಿರಲಿಲ್ಲ. ಟಿಪ್ಪು ಸುಲ್ತಾನನ ಪತನದ ಮರುವರ್ಷ, ಅಂದರೆ 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಸಮೀಕ್ಷೆಗೆ ಹೊರಟ ಫ್ರಾನ್ಸಿಸ್ ಬುಕಾನನ್ ಪಿರಿಯಾಪಟ್ಟಣ, ಹನಗೋಡು, ಹೆಗ್ಗಡದೇವನಕೋಟೆಗಳನ್ನೂ ಹಾದುಹೋದ. ಹೋದಲ್ಲೆಲ್ಲ ಆತ ಅಲ್ಲಿನ ಅಳತೆ ಯಾವುದು ಎಂದು ಕೇಳಿ, ಅದನ್ನು ಇಂಗ್ಲೆಂಡಿನ ಬುಷೆಲ್ಲಿಗೆ ಹೊಂದಿಸಿ ಬರೆದುಕೊಳ್ಳುತ್ತಿದ್ದ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥ ಓದಿದವರಿಗೆ ಈ ಲೆಕ್ಕಗಳು ಬೇಸರ ತರಿಸಿದರೂ, ಅಂದಿನ ಕಣದ ಚಿತ್ರ ಇಷ್ಟು ವಿವರವಾಗಿ ಬೇರೆಡೆ ದೊರೆಯುವುದು ಕಷ್ಟ.

ಶ್ರೀರಂಗಪಟ್ಟಣದ ಕಡೆಯ ಭತ್ತದ ರಾಶಿಯನ್ನು ಹಂಚುವ ಕ್ರಮವನ್ನು ಬುಕಾನನ್ ದಾಖಲಿಸಿದ್ದಾನೆ. ಸರ್ಕಾರಕ್ಕೂ ಒಕ್ಕಲಿಗೂ ಪಾಲಾಗುವ ಮುನ್ನ ದೇವರಿಗೆ, ಬ್ರಾಹ್ಮಣರಿಗೆ, ಕಮ್ಮಾರ, ಕುಂಬಾರ, ಅಗಸ, ಕ್ಷೌರಿಕ ಮೊದಲಾದ ಆಯಗಾರರಿಗೆ, ಅಳೆಯುವವನಿಗೂ ಕೂಡ, ಸೇರುಗಳ ಲೆಕ್ಕದಲ್ಲಿ ಧಾನ್ಯ ಹೋಗುತ್ತಿತ್ತು. ಎಲ್ಲ ಮುಗಿದ ಮೇಲೆ ರಾಶಿಯ ತಳದಲ್ಲಿ, ಸಗಣಿ ಸಾರಿಸಿದ ನೆಲಕ್ಕೆ ತಾಗಿಕೊಂಡು ಉಳಿಯುತ್ತಿದ್ದ ತೆಳುವಾದ ಪದರ ನೀರಗಂಟಿಯ ಪಾಲು.

ಈ ಪದರದ ಬಗ್ಗೆ ತುಸು ನಿಂತು ಯೋಚಿಸಬೇಕು. ಕೆರೆಯ ತೂಬು ತೆಗೆದು, ರಾತ್ರಿಯೆಲ್ಲ ಎಚ್ಚರವಿದ್ದು ಗದ್ದೆ ಗದ್ದೆಗೆ ನೀರು ಹಾಯಿಸಿದವನಿಗೆ ಸಿಕ್ಕುತ್ತಿದ್ದುದು ಮಣ್ಣು, ಸಗಣಿ, ಹರಳು ಬೆರೆತ ಕಾಳು. ಕಾಳಿನ ರಾಶಿಯನ್ನು ಕೆದಕಿದಾಗ, ಮೊಗೆದಾಗ ಮರಳಿನಂಥ ಸಣ್ಣ ಕಸ ಸಂದಿಗಳಲ್ಲಿ ಜಾರಿ ಕೆಳಕ್ಕೆ ಸೇರುವುದು ಸೃಷ್ಟಿನಿಯಮ. ಆ ತಳವನ್ನು ಯಾರ ಮಡಿಲಿಗೆ ಸುರಿಯಬೇಕೆಂದು ತೀರ್ಮಾನಿಸಿದ್ದು ಊರು.

ಗಾಡಿಯಲ್ಲಿ ಹೋಗುವ ಚೀಲದಲ್ಲೂ ಇದೇ ನಡೆಯುತ್ತದೆ. ಕೋಟೆಯ ಕಡೆಯ ಹಳ್ಳಿಯಿಂದ ಮೈಸೂರಿಗೆ ಎತ್ತಿನ ಗಾಡಿಯ ಮೇಲೆ ಕುಲುಕಾಡಿಕೊಂಡು ಬಂದ ಚೀಲದ ಬಾಯಿ ಬಿಚ್ಚಿದರೆ ಮೇಲಿನದು ದಪ್ಪ ಕಾಳು. ನುಚ್ಚು, ದೂಳು ತಳ ಸೇರಿರುತ್ತವೆ. ವ್ಯಾಪಾರಿಗಳು ಮೇಲಿನ ಹಿಡಿಯನ್ನು ನಂಬದೆ ತೋಡುಳ್ಳ ಕಬ್ಬಿಣದ ಕೊಳವೆಯನ್ನು ಚೀಲದ ಹೊಟ್ಟೆಗೆ ಚುಚ್ಚಿ ಮಾದರಿ ತೆಗೆಯುವುದು ಅದಕ್ಕೇ.

ಮೊರದ ವಿಜ್ಞಾನ

ಸಣ್ಣದು ಇಳಿದು ದೊಡ್ಡದು ಮೇಲೇಳುವ ಈ ಆಟಕ್ಕೆ 1987ರಲ್ಲಿ ಅಮೆರಿಕದ ನಾಲ್ವರು ವಿಜ್ಞಾನಿಗಳು ಗಣಕಯಂತ್ರದಲ್ಲಿ ಕಾರಣ ಹುಡುಕಿದರು. ಹಲವು ಬಗೆಯ ಬೀಜ ಬೆರೆಸಿದ ಡಬ್ಬಿಯಲ್ಲಿ ದಪ್ಪನೆಯ ಬ್ರೆಜಿಲ್ ಬೀಜ ಯಾವಾಗಲೂ ಮೇಲೇ ಏಕಿರುತ್ತದೆ ಎಂಬುದು ಅವರ ಪ್ರಶ್ನೆ. ಕುಲುಕಿದಾಗ ದೊಡ್ಡ ಬೀಜ ತುಸು ಮೇಲೆದ್ದರೆ ಅದರ ಅಡಿಗೆ ಸಣ್ಣವು ನುಸುಳುತ್ತವೆ. ಸಣ್ಣ ಬೀಜದ ಅಡಿಗೆ ದೊಡ್ಡದು ನುಸುಳಲಾರದು. 1993ರಲ್ಲಿ ಷಿಕಾಗೊದವರು ಇನ್ನೊಂದು ಕಾರಣ ತೋರಿಸಿದರು: ಕುದಿಯುವ ನೀರಿನಂತೆ ಕಾಳುಗಳೂ ನಡುವೆ ಮೇಲೇರಿ ಪಾತ್ರೆಯ ಅಂಚಿನಲ್ಲಿ ಕೆಳಗಿಳಿಯುತ್ತವೆ, ನಡುವೆ ಸಿಕ್ಕಿ ಮೇಲೆ ಬಂದ ದೊಡ್ಡ ಗುಂಡಿಗೆ ಅಂಚಿನ ತೆಳು ಪದರದಲ್ಲಿ ಇಳಿಯಲು ಜಾಗ ಸಾಲದು. 2001ರ ಸುಮಾರಿಗೆ ವಿಷಯ ಮತ್ತೂ ತೊಡಕಾಯಿತು. ಕುಲುಕುವ ಬಗೆ, ಕಾಳಿನ ತೂಕ, ಸಂದಿಯಲ್ಲಿರುವ ಗಾಳಿ ಬದಲಾದರೆ ದೊಡ್ಡ ವಸ್ತು ಮುಳುಗಲೂಬಹುದು ಎಂದು ತಿಳಿಯಿತು.

ಹಾಗಾದರೆ ರಾಗಿಯಷ್ಟೇ ಗಾತ್ರದ ಹರಳಿನ ಗತಿ? ಇದಕ್ಕೆ ಒಂದರಿ ನಿರುಪಯೋಗಿ; ಅದರ ಕಣ್ಣಿಗೆ ಎರಡೂ ಒಂದೇ. ಬೆಣಚುಕಲ್ಲು ನೀರಿನ ಎರಡೂವರೆ ಪಟ್ಟಿಗೂ ಮಿಗಿಲಾಗಿ ಭಾರ, ಧಾನ್ಯದ ಕಾಳಿಗಿಂತ ಹೆಚ್ಚುಕಡಿಮೆ ಇಮ್ಮಡಿ. ಕಾಳುಗಳು ಬಿಗಿಯಾಗಿ ಕೂತಿರುವಾಗ ಈ ಭಾರಕ್ಕೆ ಬೆಲೆಯಿಲ್ಲ; ಹರಳು ಇದ್ದಲ್ಲೇ ಇರುತ್ತದೆ. ಎಲ್ಲವೂ ಸಡಿಲವಾಗಿ, ಒಂದು ಗಳಿಗೆ ನೀರಿನಂತಾದಾಗ ಮಾತ್ರ ಭಾರವಾದದ್ದು ಮುಳುಗುತ್ತದೆ. ಮೊರ ಹಿಡಿದ ಹೆಂಗಸರ ಕೈ ಮಾಡುವುದು ಇದನ್ನೇ. ಕೇರುವಾಗ ಕಾಳು ಗಾಳಿಗೆ ಹಾರಿ ಬೀಳುತ್ತದೆ, ಹೊಟ್ಟು ಆಚೆ ಹೋಗುತ್ತದೆ. ಒನೆಯುವಾಗ ಮೊರ ಹಾರುವುದಿಲ್ಲ, ಓಲಾಡುತ್ತದೆ. ಕಾಳು ಸಡಿಲಗೊಂಡು ಮುಂದೆ ಸರಿಯುತ್ತದೆ, ಹರಳು ಅಡಿ ಹಿಡಿದು ಹಿಂದುಳಿಯುತ್ತದೆ. ಆಮೇಲೂ ತಪ್ಪಿಸಿಕೊಂಡದ್ದನ್ನು ನೀರು ಹಾಕಿ ಜಾಲಿಸುವಾಗ ಹಿಡಿಯುತ್ತಾರೆ. ಕೇರುವುದು, ಒನೆಯುವುದು, ತೂರುವುದು, ಜಾಲಿಸುವುದು ಎಂದು ಕನ್ನಡದಲ್ಲಿ ಒಂದೊಂದು ಚಲನೆಗೆ ಒಂದೊಂದು ಕ್ರಿಯಾಪದವಿದೆ. ಇದನ್ನು ಯಾರೂ ವಿದ್ಯೆ ಎಂದು ಕರೆಯಲಿಲ್ಲ, ಇದಕ್ಕೆ ಆಯವೂ ಇರಲಿಲ್ಲ.

ಅಕ್ಕಿ ಗಿರಣಿಗಳಲ್ಲಿ ಇಂದು ಕಲ್ಲು ಬೇರ್ಪಡಿಸುವ ಯಂತ್ರವಿದೆ. ಓರೆಯಾಗಿ ಕೂರಿಸಿದ ತೂತಿನ ತಗಡು ನಡುಗುತ್ತಿರುತ್ತದೆ, ಅಡಿಯಿಂದ ಗಾಳಿ ಊದುತ್ತಿರುತ್ತದೆ. ಗಾಳಿಗೆ ತೇಲಿದ ಕಾಳು ಇಳಿಜಾರಿನಲ್ಲಿ ಕೆಳಗೆ ಹರಿದರೆ, ತಗಡಿಗೆ ಅಂಟಿದ ಕಲ್ಲು ನಡುಕಕ್ಕೆ ಮೇಲೇರಿ ಬೇರೆ ಬಾಯಿಂದ ಬೀಳುತ್ತದೆ. ಮೊರ ಮಾಡುವುದನ್ನೇ ವಿದ್ಯುತ್ತು ಮಾಡುತ್ತದೆ. ಟಾರು ರಸ್ತೆಯ ಮೇಲೆ ಹುರುಳಿ, ರಾಗಿ ಹರವಿ, ಬಸ್ಸು-ಲಾರಿಗಳ ಗಾಲಿಯಿಂದಲೇ ಒಕ್ಕಣೆ ಮಾಡಿಸುವ ಅಭ್ಯಾಸ ಬಂದ ಮೇಲೆ ಹರಳಿನ ಕಾಟ ಹೆಚ್ಚಿದೆ. ಅಪಘಾತಗಳ ಮಾತು ಬೇರೆಯೇ.

ಕಾಲಡಿಯ ಧಾನ್ಯ

ಸಡಿಲವಾದಾಗ ಭಾರವಾದದ್ದು ಮುಳುಗುತ್ತದೆ ಎಂಬುದು ಹರಳಿಗಷ್ಟೇ ಅಲ್ಲ, ಮನುಷ್ಯನಿಗೂ ಅನ್ವಯಿಸುತ್ತದೆ. ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಕಾಪಿಡುತ್ತಿದ್ದ ಕಾಲದಲ್ಲಿ ಬಾಯಿ ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗಲು ಬಿಡುತ್ತಿದ್ದರು. ಸುರಿದ ರಾಗಿ ನೀರಿಗಿಂತ ಹಗುರ, ನುಣುಪು, ಕಾಲಿಟ್ಟರೆ ಜಾರುತ್ತದೆ. ವಿದೇಶಗಳ ಬೃಹತ್ ಧಾನ್ಯಗೋಪುರಗಳಲ್ಲಿ ಅಡಿಯ ಬಾಗಿಲು ತೆರೆದು ಕಾಳು ಹರಿಯುತ್ತಿರುವಾಗ ಒಳಗಿದ್ದ ಕೆಲಸಗಾರರು ಹೂತುಹೋಗಿ ಉಸಿರುಗಟ್ಟಿ ಸತ್ತ ಪ್ರಸಂಗಗಳು ಹಲವಾರಿವೆ. ಇದಕ್ಕೆ ಹೋಲಿಸಿದರೆ ನೀರು ತುಂಬಿದ ಕುಸಿಮರಳು ವಾಸಿ. ಅದು ಮನುಷ್ಯನ ಮೈಗಿಂತ ಬಹಳ ಭಾರವಾದ್ದರಿಂದ ಸೊಂಟದ ಆಸುಪಾಸಿಗಿಂತ ಕೆಳಗೆ ಯಾರನ್ನೂ ಎಳೆಯದು ಎಂದು ಆಮ್‌ಸ್ಟರ್‌ಡ್ಯಾಂ ವಿಶ್ವವಿದ್ಯಾಲಯದವರು 2005ರಲ್ಲಿ ಪ್ರಯೋಗದಿಂದ ತೋರಿಸಿದ್ದಾರೆ.

ಭೂಮಿಯೇ ಕೊಳಗವನ್ನು ಕುಲುಕಿದಾಗ ಮಾತ್ರ ಕಥೆ ಬೇರೆ. ಭೂಕಂಪಕ್ಕೆ ನೀರು ತುಂಬಿದ ಸಡಿಲ ಮರಳು ಒತ್ತಾಗಿ ಕೂರಲು ಹೊರಡುತ್ತದೆ, ಸಂದಿಯ ನೀರಿಗೆ ತಕ್ಷಣ ಹೋಗಲು ದಾರಿಯಿಲ್ಲ. ಆ ಗಳಿಗೆ ನೆಲವೇ ದ್ರವವಾಗುತ್ತದೆ. 1964ರಲ್ಲಿ ಜಪಾನಿನ ನೀಗಾಟದಲ್ಲಿ ಮಹಡಿ ಕಟ್ಟಡಗಳು ಮುರಿಯದೆ ಇಡಿಯಾಗಿ ವಾಲಿ ಮಲಗಿದ್ದು, 1934ರ ಬಿಹಾರ ಭೂಕಂಪದಲ್ಲಿ ವಿಶಾಲ ಪ್ರದೇಶದಲ್ಲಿ ಮನೆಗಳು ನೆಲದೊಳಗೆ ಇಳಿದದ್ದು ಇದರಿಂದಲೇ.

ಕೊಳಗ ಕಣ ಬಿಟ್ಟದ್ದು

ಕೊಳಗದ ಆಳ್ವಿಕೆ ಮುಗಿಸಿದ್ದು ಒಂದು ಕಾನೂನಲ್ಲ. 1956ರಲ್ಲಿ ಸಂಸತ್ತು ತೂಕ-ಅಳತೆಗಳ ಪ್ರಮಾಣ ಕಾಯಿದೆಯನ್ನು ಮಾಡಿತು. 1960ರ ದಶಕದ ಮೊದಲ ವರ್ಷಗಳಲ್ಲಿ ಕಿಲೊ, ಕ್ವಿಂಟಲ್‌ಗಳು ಸಂತೆಗೆ ಬಂದವು. ತಕ್ಕಡಿಗೆ ಕುಲುಕಾಟ ತಿಳಿಯದು. ಎಷ್ಟು ಕುಕ್ಕಿದರೂ ತೂಕ ಒಂದೇ. 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆ ಸಗಟು ವ್ಯಾಪಾರವನ್ನು ಮಾರುಕಟ್ಟೆಯ ಅಂಗಳಕ್ಕೆ ತಂದಿತು. ಆದರೂ ಕಣದಲ್ಲಿ ಭೂಮಾಲೀಕನ ವಾರ, ಗುತ್ತಿಗೆಯ ಧಾನ್ಯವನ್ನು ಕೊಳಗದಲ್ಲೇ ಅಳೆಯುವುದು ಅಷ್ಟು ಬೇಗ ನಿಲ್ಲಲಿಲ್ಲ. ಅದಕ್ಕೆ ಬುಡಕ್ಕೇ ಪೆಟ್ಟು ಬಿದ್ದದ್ದು 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ. ಗೇಣಿದಾರನಿಗೇ ನೆಲ ಎಂದ ಮೇಲೆ ಅಳೆದು ಕೊಡಬೇಕಾದ ಪಾಲೇ ಇಲ್ಲ. ಹಳೆಯ ಮೈಸೂರಿನಲ್ಲಿ ಗೇಣಿಯ ಹಿಡಿತ ಕರಾವಳಿಯಷ್ಟು ಬಿಗಿಯಾಗಿರಲಿಲ್ಲ, ನಿಜ. ಆದರೆ ಆ ಕಾನೂನನ್ನು ತಂದ ಮುಖ್ಯಮಂತ್ರಿ ಡಿ. ದೇವರಾಜ ಅರಸು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು, ಬೇಸಾಯ ಮಾಡಿದವರು. ಕೊಳಗ ಕುಲುಕುವ ಕೈಯನ್ನು ಅವರು ಪುಸ್ತಕದಿಂದ ತಿಳಿಯಬೇಕಾದ ಅಗತ್ಯವಿರಲಿಲ್ಲ ಎನ್ನಬಹುದು.

ತಕ್ಕಡಿ ಬಂದರೂ ಜಗಳ ತೀರಲಿಲ್ಲ, ಜಾಗ ಬದಲಿಸಿತು. ಕುಲುಕಿದರೆ ತೂಕ ಏರದು, ಆದರೆ ತೇವ ಏರಿಸುತ್ತದೆ. ಹೀಗಾಗಿ ಬೆಂಬಲ ಬೆಲೆಯ ಖರೀದಿ ಕೇಂದ್ರಗಳಲ್ಲಿ ರಾಗಿ, ಭತ್ತದ ತೇವಾಂಶ ಎಷ್ಟೆಂದು ನೋಡುತ್ತಾರೆ. ಹರಳು-ಕಸ ಎಷ್ಟೆಂದೂ ನೋಡುತ್ತಾರೆ. ಚೀಲದ ಮೇಲಿನ ಮಾದರಿಯೋ ತಳದ್ದೋ ಎಂಬ ವಾದ ಅಲ್ಲಿ ಇಂದಿಗೂ ಕೇಳಬರುವಂಥದ್ದೇ.

ಕೊಳಗಗಳು ಈಗ ಅಟ್ಟದಲ್ಲಿವೆ, ಕೆಲವು ವಸ್ತುಸಂಗ್ರಹಾಲಯ ಸೇರಿವೆ. ಸೇರು ಮಾತ್ರ ಮದುವೆ ಮನೆಯ ಹೊಸ್ತಿಲಲ್ಲಿ ಕಾಣಸಿಗುತ್ತದೆ. ಹೊಸ ಸೊಸೆ ಬಲಗಾಲಿನಿಂದ ತಾಗಿಸಿ ಒಳಕ್ಕೆ ಉರುಳಿಸಲೆಂದು ಅದರಲ್ಲಿ ಅಕ್ಕಿ ತುಂಬಿ, ಮೇಲೊಂದು ಬೆಲ್ಲದ ಅಚ್ಚಿಡುತ್ತಾರೆ. ಅದನ್ನು ತುಂಬುವಾಗ ಯಾರೂ ಕುಲುಕುವುದಿಲ್ಲ.